ಅರವತ್ತು

ಕುರ್ಲಾದ ಪೈಪ್ ರೋಡಿನ ಶೆಡ್ಡಿನೊಳಗ
ಗ್ರಿಲ್ ಇನ್ನೂ ಬಿಸಿ ಇತ್ತು.
ಅಡ್ಡ ನಾಕು, ಉದ್ದ ಮೂರು, ಹನ್ನೆರಡು ಮನಿ,
ಹಂಗಂತ ಚೀಟಿ ಬರದಿದ್ದೆ.

"ಅರವತ್ತು" ಅಂದಳು ನೀಲವ್ವ,
ಮುನ್ಸಿಪಾಲ್ಟಿ ಕನ್ನಡ ಸಾಲಿ, ಏಳನೇ ಇಯತ್ತೆ.
"ಸಣ್ಣವು ಅಷ್ಟ ಎಣಿಸಿದಿ, ಅಪ್ಪಾ.
ಎರಡು ಕೂಡಿದ್ದು? ಆರು ಕೂಡಿದ್ದು? ಇಡೀ ಚೌಕಟ್ಟು?"

ಬೆರಳಿಟ್ಟು ಎಣಿಸಾಕ ಹೋದೆ. ಇಪ್ಪತ್ತೊಂದಕ್ಕ ತಪ್ಪಿತು.
ಮತ್ತ ಮೊದಲಿಂದ. ಮತ್ತ ತಪ್ಪಿತು.

"ಮನಿ ಎಣಿಸಬ್ಯಾಡ, ಸರಳು ಹಿಡಿ.
ನಿಂತವು ಐದು. ಮೊದಲಿನದಕ್ಕ ಜೋಡಿ ನಾಕು,
ಎರಡನೇದಕ್ಕ ಮೂರು, ಆಮ್ಯಾಲ ಎರಡು, ಒಂದು. ಹತ್ತಾತು.
ಮಲಗಿದವು ನಾಕು, ಅವಕ್ಕ ಆರು.
ಹತ್ತಾರ್ಲೆ ಅರವತ್ತು."

ನಿಂತ ಎರಡು ನಾ ಹಿಡಿದೆ, ಮಲಗಿದ ಎರಡು ಆಕಿ.
ನಾಕು ಕೈ ನಡುವ ಒಂದು ಆಕಾರ,
ಅದರೊಳಗ ಎದುರಿನ ಗುಜರಿ ಅಂಗಡಿ, ಅದರ ಕುಂಟ ಬೆಕ್ಕು.

ಸಂಜಿಕ ಪೆಡ್ನೇಕರ್ ಬಾಯಿ ಬಂದರು.
ಮೂರನೇ ಮಾಳಿಗಿ, ಕೂಲರ್ ಕೂಡಬೇಕು,
ನಡುವಿನದೊಂದು ಸರಳು ತಗೀರಿ ಅಂದರು.
ತಗದೆ.
ಒಂದು ಸರಳಿನ ದುಡ್ಡು ಮುರಕೊಂಡರು.

ನೀಲವ್ವ ಬಾಗಿಲದಾಗ ಕುಂತು ಬೆರಳು ಮಡಚಿದಳು.
"ಮೂವತ್ತಾರು ಉಳದಾವ.
ಇಪ್ಪತ್ನಾಕು ಹೋದವು" ಅಂದಳು,
ಯಾರೋ ಖೋಲಿ ಖಾಲಿ ಮಾಡಿಕೊಂಡು ಹೋದಂಗ.

ಹಾತಗಾಡಿ ಮ್ಯಾಲ ಗ್ರಿಲ್ ಏರಿಸಿ ಹೊಂಟಾಗ
ತಗದ ಸರಳು ಆಕಿ ಕೈಯಾಗ.
ಒಂದ ಸರಳು. ಜೋಡಿ ಇಲ್ಲ, ಲೆಕ್ಕ ಸೊನ್ನೆ.
ಧೂಳಿನ್ಯಾಗ ಅದನ್ನ ಎಳಕೋತ ಬಂದಳು,
ಎರಡು ಗಾಲಿ ಗೆರಿ ನಡುವ
ಇನ್ನೊಂದು ಗೆರಿ.