ವೆಂಕಟರವಣಪ್ಪನ ಹಲ್ಲು

ಪದಮಿತಿ ಮೂರು ಸಾವಿರ. ಯೂನಿಕೋಡ್ ಕಡ್ಡಾಯ.
ಕೋಟೆ ಬೇಡ, ಬಾವಲಿ ಬೇಡ, ಕರಿ ನಿಲುವಂಗಿ ಬೇಡ.
ರಕ್ತಪಿಶಾಚಿ ಹೊಸಬನಾಗಿರಲಿ, ನಿಮ್ಮವನೇ ಆಗಿರಲಿ
ಎಂದಿತ್ತು ಆ ಜಾಲಪತ್ರಿಕೆಯ ಕರೆ.

ನನ್ನವನಲ್ಲದೆ ಇನ್ಯಾರವನು?
ಬಾಗೇಪಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ
ಹತ್ತಡಿ ಅಗಲದ ಲ್ಯಾಬಿನಲ್ಲಿ
ಹದಿನಾಲ್ಕು ವರ್ಷದಿಂದ ಹಲ್ಲು ಕಟ್ಟುತ್ತಿದ್ದೇನೆ.
ಗುಲಾಬಿ ಮೇಣ, ಪ್ಲಾಸ್ಟರು, ಒಂದು ಸ್ಪಿರಿಟ್ ದೀಪ.
ಅರ್ಧ ಊರಿನ ಬಾಯಿ ಅಚ್ಚಾಗಿ
ನನ್ನ ಕಪಾಟಿನಲ್ಲಿ ಸಾಲಾಗಿ ತೆರೆದು ಕೂತಿದೆ,
ಒಂದೂ ಮಾತಾಡುವುದಿಲ್ಲ.

ಹೆಸರು ವೆಂಕಟರವಣಪ್ಪ ಅಂತಿಟ್ಟೆ.
ಗುಡಿಬಂಡೆ ಕಡೆಯವನು.
ಹುಟ್ಟಿದ್ದು ಊರಿಗೆ ಬೋರ್‌ವೆಲ್ ಬಂದ ವರ್ಷ,
ಸತ್ತದ್ದು ಅದು ಬತ್ತಿದ ವರ್ಷ.
ಫ್ಲೋರೈಡ್ ಕುಡಿದ ಹಲ್ಲು: ಕಂದು ಪಟ್ಟೆ,
ಹಳೇ ಸುಣ್ಣದ ಹಾಗೆ ಉದುರುವ ಅಂಚು.
ಕತ್ತಿಗೆ ಊರಿದರೆ ಕೋರೆ ಮುರಿಯುತ್ತದೆ.
ಹಸಿವು ಮಾತ್ರ ಗಟ್ಟಿ.

ಅದಕ್ಕೇ ಬಂದ, ರಾತ್ರಿ ಒಂಬತ್ತೂವರೆಗೆ,
ನಾನು ಷಟರ್ ಎಳೆಯುವ ಹೊತ್ತಿಗೆ.
ಕರೆಯದೆ ಒಳಗೆ ಕಾಲಿಡುವಂತಿಲ್ಲವಂತೆ ಆ ಕುಲದವರು.
ಅದೂ ಒಂದು ತೊಡಕೇ ನಮ್ಮ ಕಡೆ?
ಬಾಗಿಲಲ್ಲಿ ನಿಂತವರಿಗೆ "ರಾಂಡಿ ಲೋಪಲಿಕಿ" ಅನ್ನದೆ,
ಒಂದು ಲೋಟ ನೀರು ಕೊಡದೆ ಕಳಿಸಿದವರುಂಟೆ?
ನಮ್ಮ ಮನೆಮಾತು ತೆಲುಗು, ಕತೆ ಕನ್ನಡ;
ಅವನು ಎರಡರಲ್ಲೂ ಮರ್ಯಾದಸ್ತ.

ಬಂದ. ಕೂತ. ನಕ್ಕ.
ಬಾಯಿ ತುಂಬ ನಕ್ಕ.
ಅಲ್ಲಿಗೆ ನನ್ನ ಕೈ ನಿಂತಿತು.

ನಮ್ಮೂರಲ್ಲಿ ಯಾರೂ ಹಾಗೆ ನಗುವುದಿಲ್ಲ.
ಅಮ್ಮ ನಗುತ್ತಿದ್ದದ್ದು ಸೆರಗಿನ ಹಿಂದೆ,
ಮದುವೆ ಫೋಟೋದಲ್ಲಿ ತುಟಿ ಹೊಲಿದ ಹಾಗಿದೆ.
ಹೈಸ್ಕೂಲು ಹುಡುಗಿಯರು ಅಂಗೈಯೊಳಗೆ ನಗುತ್ತಾರೆ.
ಇವನಿಗೆ ಕನ್ನಡಿಯ ಋಣ ಹರಿದು ಇಪ್ಪತ್ತು ವರ್ಷ;
ಯಾವ ಗಾಜೂ ಅವನನ್ನು ತೋರಿಸುವುದಿಲ್ಲ.
ತನ್ನ ಹಲ್ಲಿನ ಬಣ್ಣ ಮರೆತೇಬಿಟ್ಟಿದ್ದಾನೆ ಆಸಾಮಿ.

"ಹೆಂಗಿದಾವಮ್ಮ ನನ್ನ ಹಲ್ಲು?" ಅಂತ ಕೇಳಿದ.
ಆ ಸಾಲಿನ ಮುಂದೆ ಎರಡು ವಾರ ಕೂತೆ.
ಆಮೇಲೆ ಬರೆದೆ:
"ಚೆನ್ನಾಗಿದಾವೆ. ಎರಡು ಮಾತ್ರ ಹೊಸದಾಗಿ ಮಾಡ್ತೀನಿ."
ಷೇಡ್ ಕಾರ್ಡಿನಲ್ಲಿ ಆ ಬಣ್ಣ ಇಲ್ಲ,
ಕಂಪನಿಯವರಿಗೆ ನಮ್ಮ ನೀರು ಗೊತ್ತಿಲ್ಲ.
ಟೀ ಡಿಕಾಕ್ಷನ್ನಿನಲ್ಲಿ ಮೂರು ರಾತ್ರಿ ನೆನೆಸಿ
ಹೊಸ ಕೋರೆಗೂ ಹಳೇ ಪಟ್ಟೆ ಬರಿಸಿದೆ,
ಯಾರೂ ಬೇರೆ ಎಂದು ಗುರುತಿಸದಿರಲಿ ಅಂತ.
ಕತೆ ಅಲ್ಲಿಗೆ ಮುಗಿಯಿತು.

ಟೈಪಿಸಿದ್ದು ನುಡಿಯಲ್ಲಿ. ಯೂನಿಕೋಡಿಗೆ ತಿರುಗಿಸಿದರೆ
ಒತ್ತಕ್ಷರಗಳೆಲ್ಲ ಉದುರಿದವು:
ರಕ್ತ ಹೋಗಿ ರಕತ, ಕತ್ತು ಹೋಗಿ ಕತು,
ವೆಂಕಟರವಣಪ್ಪ ಬರೀ ವೆಂಕಟರವಣಪ.
ಸರಿ, ನನ್ನ ಕಸುಬೇ ಅದಲ್ಲವೇ.
ಬಿದ್ದದ್ದನ್ನು ಹೆಕ್ಕಿ ಹೆಕ್ಕಿ
ಅದರದರ ಸಂದಿಯಲ್ಲಿ ಕೂರಿಸಿದೆ.
ರಾತ್ರಿ ಎರಡೂವರೆಗೆ 'ಸಲ್ಲಿಸಿ' ಒತ್ತಿದೆ.
'ಸ್ವೀಕರಿಸಲಾಗಿದೆ' ಎಂದು ಬಂತು ಒಂದು ಹಸಿರು ಗೆರೆ.
ಒಳಗೆ ಬಾ ಎಂದಲ್ಲ. ಹೊಸ್ತಿಲಲ್ಲಿ ನಿಂತಿರು ಎಂದು.

ನಲವತ್ತೊಂದನೆಯ ದಿನ ಪತ್ರ.
'ಭಾಷೆ ಹಿಡಿಸಿತು. ಹಲ್ಲಿನ ಕಲ್ಪನೆ ಹೊಸದು.
ಆದರೆ ಭಯ ಎಲ್ಲಿ ಮೇಡಂ?
ಕೊನೆಯವರೆಗೂ ಅವನು ಯಾರನ್ನೂ ಕಚ್ಚುವುದಿಲ್ಲ.
ಮೂವತ್ತನೇ ತಾರೀಖಿನೊಳಗೆ ತಿದ್ದಿ ಕಳಿಸಿ.'

ಒಬ್ಬಳೇ ಕೂತು ನಕ್ಕೆ.
ಕೈ ತಾನಾಗಿ ಬಾಯಿಗೆ ಹೋಗಿತ್ತು.

ಕಡತ ತೆರೆದು ತುದಿಗೆ ಇಷ್ಟು ಸೇರಿಸಿದೆ:
ದುಡ್ಡು ಎಣಿಸಿಟ್ಟು ವೆಂಕಟರವಣಪ್ಪ ಎದ್ದ.
ಷಟರಿನ ಕೆಳಗೆ ಬಗ್ಗಿದವನು ತಿರುಗಿ ಕೇಳಿದ,
"ಎಲ್ಲರ ಬಾಯೂ ನೋಡ್ತೀರಲ್ಲ ತಾಯಿ,
ನೀವ್ಯಾಕೆ ಮುಚ್ಕೊಂಡು ನಗೋದು?"

ಇನ್ನೂ ಕಳಿಸಿಲ್ಲ.
ಇವತ್ತು ಇಪ್ಪತ್ತೆಂಟು.