ಕೊಡೆ ಬಿಚ್ಚಬಾರದು

ನಮ್ಮ ಹುಡುಗರು ಬ್ಯಾಟ್ ಹಿಡಿದಾಗ
ಯಾರೂ ಕೊಡೆ ಬಿಚ್ಚಬಾರದು. ಶಿಡ್ಲಘಟ್ಟದ ಕಾನೂನು.
ಹನ್ನೊಂದು ವರ್ಷದ ಹಿಂದೆ, ಫೈನಲಿನಲ್ಲಿ,
ರೀಲರ್ ಮುಕ್ತಿಯಾರ್ ಬಿಚ್ಚಿದ;
ಅದೇ ಚೆಂಡಿಗೆ ಬೇಲ್ಸ್ ಹಾರಿತು.
ಅಂದಿನಿಂದ ಅವನು ಬರಿಗೈಲೇ ಬರುತ್ತಾನೆ.

ಚಿಂತಾಮಣಿಯವರ ಮೇಲೆ ಇನ್ನು ಒಂಬತ್ತು ರನ್ನು.
ನಂದಿ ಕಡೆಯಿಂದ ಕಪ್ಪು ಎದ್ದಿತು.
ಮೊದಲು ದೂಳು, ಆಮೇಲೆ ಬೆಂದ ಗೂಡಿನ ನಾತ,
ಆಮೇಲೆ ಆಲಿಕಲ್ಲು, ಹುಣಸೆಬೀಜದಷ್ಟು.
ಹಲಗೆಯ ಮೇಲಿನ 9ರ ಬಾಲ ಕರಗಿ
ಸೊನ್ನೆ ಉಳಿಯಿತು.
ಗೆದ್ದೆವು ಅಂತ ಒಬ್ಬ ಕುಣಿದೂಬಿಟ್ಟ.

ಆಟಗಾರರು ಓಡಿದರು. ಅಂಪೈರೂ.
ನಾವು ಕೂತೇ ಇದ್ದೆವು,
ಮಡಿಲಲ್ಲಿ ಮಡಿಚಿದ ಕೊಡೆ,
ಅಂಗಿಯೊಳಗೆ ಕಡಲೆಪುರಿ,
ತಲೆ ಮೇಲೆ ಹುಳು ಸಾಕುವ ಮನೆಯಿಂದ ತಂದ ಚಂದ್ರಿಕೆ
(ಅದೇನು ಕೊಡೆಯಲ್ಲವಲ್ಲ!)
ತೂತುತೂತು ಬಿದಿರು, ಮಳೆಯನ್ನೆಲ್ಲ
ಜರಡಿ ಹಿಡಿದು ನಮಗೇ ಕೊಟ್ಟಿತು.

"ರದ್ದಾಯ್ತಂತೆ, ಏಳ್ರೋ" ಅಂದಳು ಟೀ ಅಂಗಡಿ ಗಂಗುಲಮ್ಮ.
ಮೊದಲು ಎದ್ದವನ ಮೇಲೆ ಸೋಲು.
ಯಾರು ಏಳುತ್ತಾರೆ?

ಹಿಂದೆ ತಿರುಗಿದರೆ ಮುಕ್ತಿಯಾರ್,
ಚಿಂತಾಮಣಿಯ ಯಾವುದೋ ಪುಟ್ಟ ಹುಡುಗನ ತಲೆಗೆ
ತನ್ನ ಎರಡೂ ಅಂಗೈ ಅಗಲಿಸಿ ಹಿಡಿದಿದ್ದ.

ಕೈ ಬಿಚ್ಚಿದರೆ ಕೊಡೆ ಬಿಚ್ಚಿದ ಹಾಗಾ?
ಮಳೆ ಆಗಲೇ ನಿಂತಿತು.
ವಾದ ಇನ್ನೂ ನಡೆದಿದೆ.