ಒಳಗೆ ಬಿಟ್ಟ ಎರಡಿಂಚು

ಆಲ್ಬುಮಿನ್ ಇದ್ದಷ್ಟೂ ಹಸಿರು. ನನ್ನ ಕಸುಬಿನ ಮೊದಲ ಪಾಠ ಇದು:
ಹಳದಿ ದ್ರಾವಣಕ್ಕೆ ಒಂದು ಹನಿ ಸೀರಂ ಬಿಟ್ಟರೆ
ಹಸಿರೇರುತ್ತದೆ, ಬತ್ತದ ಸಸಿಮಡಿಯಂತೆ.
ಇವತ್ತು ಬೆಡ್ ಹದಿನಾಲ್ಕರ ಟ್ಯೂಬಿನಲ್ಲಿ
ನಿಂಬೆಸಿಪ್ಪೆಯ ಬಣ್ಣ ಹೆಚ್ಚುಕಮ್ಮಿ ಹಾಗೇ ಉಳಿಯಿತು.
ಎರಡು ಪಾಯಿಂಟ್ ಒಂದು.
ಮತ್ತೊಮ್ಮೆ ಓಡಿಸಿದೆ. ಎರಡು ಪಾಯಿಂಟ್ ಒಂದೇ.

ಲೇಬಲ್ ಓದಿದ್ದು ಆಮೇಲೆ: ಮಾಲೋಜಿರಾವ್, ಅರವತ್ತೆಂಟು.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಸೈಕಲ್ ಶಾಪಿನ ಅಟ್ಟದಲ್ಲಿ ಕೂತು
ಹಾಸನದ ಅರ್ಧ ಶಾಲೆಗಳಿಗೆ ಯೂನಿಫಾರ್ಮು ಹೊಲಿದವರು.
ನನ್ನ ನೀಲಿ ಲಂಗಕ್ಕೂ ಅವರದೇ ಟೇಪು.
"ಬೆಳೆಯೋ ಹುಡುಗಿ, ಒಳಗೆ ಎರಡಿಂಚು ಬಿಟ್ಟಿದ್ದೀನಿ ಕಣಕ್ಕ,"
ಅವ್ವನಿಗೆ ಹೇಳುವಾಗಲೂ ತುಟಿಯಲ್ಲಿ ಗುಂಡುಸೂಜಿ.

ಗಡ್ಡೆ ಇರುವುದು ಲಿವರಿನಲ್ಲಲ್ಲ.
ಅದು ಮೇದೋಜೀರಕದ ಬಾಲದಲ್ಲೆಲ್ಲೋ ಕೂತಿದೆ,
ಕೂತಲ್ಲಿಂದಲೇ ಚೀಟಿ ಕಳಿಸುತ್ತದೆ.
ನೆತ್ತರಲ್ಲಿ ತೇಲಿಬಂದ ಚೀಟಿ ಓದಿ
ಲಿವರು, ಪಾಪ, ಎಲ್ಲೋ ಬೆಂಕಿ ಬಿದ್ದಿದೆಯೆಂದು ನಂಬಿ
ಕೈಯಲ್ಲಿದ್ದ ಬಿಳಿ ಬಟ್ಟೆ ಕೆಳಗಿಡುತ್ತದೆ,
ಖಾಕಿ ಎತ್ತಿಕೊಳ್ಳುತ್ತದೆ.
ಹಗಲೂ ರಾತ್ರಿ ಖಾಕಿ. ಸಿ.ಆರ್.ಪಿ. ನೂರ ನಲವತ್ತು.
ನೀರೆರಚಿ ಆರಿಸುವಂಥ ಬೆಂಕಿಯೇ ಇಲ್ಲದ ಊರಿಗೆ
ಅಷ್ಟೊಂದು ಖಾಕಿ!

ಬಿಳಿಯದೇನೂ ಹೆಸರುವಾಸಿ ಕೆಲಸ ಮಾಡುತ್ತಿರಲಿಲ್ಲ;
ನೆತ್ತರಿನ ಅಂಚು ಮಡಿಚಿ ಹೊಲಿದು
ನೀರು ಹೊರಗೆ ಸೋರದಂತೆ ಹಿಡಿದಿತ್ತು, ಅಷ್ಟೆ.
ಈಗ ಅಂಚು ಬಿಚ್ಚಿದೆ.
ನೀರು ಇಳಿದಿಳಿದು ಪಾದಕ್ಕೆ ಬಂದು ನಿಂತಿದೆ,
ಐವತ್ತು ವರ್ಷ ಪೆಡಲು ತುಳಿದ ಪಾದ.
ಹೆಬ್ಬೆರಳಿಟ್ಟು ಒತ್ತಿದರೆ ಗುಳಿ,
ರಾಗಿಹಿಟ್ಟಿನ ಉಂಡೆಗೆ ಮಗು ಬೆರಳಿಟ್ಟ ಹಾಗೆ,
ತುಂಬಿಕೊಳ್ಳಲು ಎಷ್ಟೋ ಹೊತ್ತು.
ಅಂಗುಸ್ತಾನವೂ ಬೆರಳಿಗೆ ಏರುವುದಿಲ್ಲವಂತೆ.

ತಾರಾಬಾಯಿ ಕಿಟಕಿಗೆ ಬಂದರು, ಸ್ಟೀಲ್ ಡಬ್ಬಿ ಹಿಡಿದು.
"ದಿನಾ ಆರು ಮೊಟ್ಟೆ, ಬರೀ ಬಿಳಿ ಭಾಗ.
ಹಳದಿ ನಾನೇ ತಿಂತೀನಿ, ಎಸೆಯೋಕೆ ಮನಸ್ಸು ಬರಲ್ಲ.
ಒಂದು ತಿಂಗಳಾಯ್ತು. ಏರಿದೆಯಾ ನೋಡವ್ವ?
ಎಂಟು ಮಾಡ್ಲಾ?"

ಹೇಳಬೇಕಿತ್ತು:
ಬಟ್ಟೆಗೆ ಕೊರತೆಯಿಲ್ಲಮ್ಮ, ಥಾನುಗಟ್ಟಲೆ ಬಂದು ಬಿದ್ದಿದೆ,
ಹೊಲಿಯುವವನು ಬೇರೆಯವರ ಆರ್ಡರಿನಲ್ಲಿದ್ದಾನೆ.
ಹೇಳಲಿಲ್ಲ. "ರಿಪೋರ್ಟು ಡಾಕ್ಟರೇ ಹೇಳ್ತಾರೆ," ಅಂದೆ.
ಅದು ನಮ್ಮಲ್ಲಿ ನಿಯಮ;
ನನ್ನ ಹೇಡಿತನಕ್ಕೆ ಒಳ್ಳೆಯ ಲೈನಿಂಗು.
ಡಬ್ಬಿಯ ಮುಚ್ಚಳ ಒತ್ತಿ ಒತ್ತಿ ಮುಚ್ಚುತ್ತ ಹೋದರು.

ಮುಂಜಾನೆ ರಕ್ತ ತೆಗೆಯಲು ವಾರ್ಡಿಗೆ ಹೋದೆ.
ಗುರುತು ಹೇಳಿಕೊಳ್ಳಲಿಲ್ಲ ನಾನು,
ಲಕ್ಷ ಲಂಗಗಳಲ್ಲಿ ಯಾವುದೆಂದು ಹೇಳಲಿ?
ಅವರು ನನ್ನ ಬಿಳಿ ಕೋಟಿನ ತೋಳು ಹಿಡಿದು
ಅಂಚು ಮಗುಚಿ, ಊದಿದ ಬೆರಳಲ್ಲೇ ಹೊಲಿಗೆ ತಡವಿದರು.
"ರೆಡಿಮೇಡಾ?"
ಹೂಂ ಅಂದೆ.
"ಒಳಗೆ ಏನೂ ಬಿಟ್ಟಿಲ್ಲ ನೋಡು," ಅಂದರು,
ಅಂದು, ತೋಳು ಚಾಚಿದರು.